ತಮ್ಮ ಊಟ ಬಿಟ್ಟಾಗ ಯಾವ ಡಾಕ್ಟರ್ ಹತ್ರ ಹೋಗ್ಬೇಕು ಅಂತ ಗೊತ್ತಾಗೋಕೆ ನಮಗೆ ಏಳು ತಿಂಗಳು ಹಿಡೀತು

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯವಳು, ಸಹಕಾರಿ ಸಂಘದಲ್ಲಿ ಕ್ಲರ್ಕ್ ಕೆಲಸ. ಹೋದ ವಾರ ತಮ್ಮನ್ನ ಬೆಂಗಳೂರಿಗೆ ಫಾಲೋಅಪ್‌ಗೆ ಕರ್ಕೊಂಡು ಹೋಗಿದ್ದೆ, ಡಾಕ್ಟರು ಇನ್ಮೇಲೆ ತಿಂಗಳಿಗೊಮ್ಮೆ ಬೇಡ ಮೂರು ತಿಂಗಳಿಗೊಮ್ಮೆ ಬನ್ನಿ ಸಾಕು ಅಂದ್ರು. ವಾಪಸ್ ಬರ್ತಾ ಟ್ರೇನಲ್ಲಿ ಅವನಿಗೇ ಕೇಳ್ದೆ, ನಾವು ಪಟ್ಟ ಪಾಡು ಬರೀಲಾ, ಬೇರೆಯವರಿಗೆ ದಾರಿ ಗೊತ್ತಾಗುತ್ತೆ ಅಂತ. ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿ "ಬರಿ ಅಕ್ಕಾ, ಆದ್ರ ನನ್ನ ತೂಕ ಎಷ್ಟಿತ್ತು ಅಂತ ಬರಿಬ್ಯಾಡ" ಅಂದ. ಸರಿ, ಬರೆಯಲ್ಲ. ಏನೇನು ತಿಂತಿದ್ದ ಎಷ್ಟು ತಿಂತಿದ್ದ ಅನ್ನೋದನ್ನೂ ಬರೆಯಲ್ಲ, ಊಟದ ವಿಷಯದಲ್ಲಿ ಮನಸ್ಸೇ ಹಿಡಿತ ತಪ್ಪೋ ಈ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇರೋ ಬೇರೆ ಮಕ್ಕಳು ಓದಿದ್ರೆ ಆ ನಂಬರನ್ನೇ ಗುರಿ ಮಾಡ್ಕೋತಾರೆ ಅಂತ ಡಾಕ್ಟರೂ ಹೇಳಿದ್ರು. ಆರು ತಿಂಗಳಲ್ಲಿ ಮೈತೂಕದ ಮೂರರಲ್ಲಿ ಒಂದು ಭಾಗ ಹೋಗಿತ್ತು, ಅಷ್ಟು ಗೊತ್ತಿದ್ರೆ ಸಾಕು.

ಶುರುವಾಗಿದ್ದು ದಸರಾ ರಜೆಯಲ್ಲಿ. ಅವನಿಗಾಗ ಹದಿನೇಳಕ್ಕೆ ಹತ್ರ, ಫಸ್ಟ್ ಪಿಯುಸಿ. ಅಗ್ನಿವೀರ್ ಭರ್ತಿಗೆ ಹೋಗ್ಬೇಕು, ಅದಕ್ಕೆ 1600 ಮೀಟರ್ ಓಟ ಇರುತ್ತೆ ಅಂತ ಬೆಳಗ್ಗೆ ನಾಲ್ಕೂವರೆಗೆ ಎದ್ದು ಕೆನಾಲ್ ರಸ್ತೆ ಮೇಲೆ ಓಡೋಕೆ ಶುರು ಮಾಡಿದ. ಓಟದಲ್ಲಿ ಜೊತೆಗಿದ್ದ ಹುಡುಗರು ಯಾರೋ ಹೊಟ್ಟೆ ಬಗ್ಗೆ ಏನೋ ಅಂದಿದ್ರಂತೆ, ಅದು ನಮಗೆ ಗೊತ್ತಾಗಿದ್ದು ಒಂದು ವರ್ಷ ಆದ್ಮೇಲೆ. ಮೊದಲು ಎಣ್ಣೆದು ಬಿಟ್ಟ, ಆಮೇಲೆ ಅನ್ನ, ಆಮೇಲೆ ಶೇಂಗಾ ಹಿಂಡಿ, ಅದಿಲ್ಲದೆ ರೊಟ್ಟಿ ತಿಂದವನೇ ಅಲ್ಲ ಅವನು. ನಾವೆಲ್ಲಾ ಎಷ್ಟು ಹೊಗಳಿದ್ವಿ ಅಂದ್ರೆ ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಅಪ್ಪ ಕಟ್ಟೆ ಮೇಲೆ ಕೂತು "ನಮ್ಮ ಹುಡುಗಗ ಭಾಳ ಶಿಸ್ತು ಬಂದೈತಿ" ಅಂತ ಎಲ್ಲರಿಗೂ ಹೇಳ್ತಿದ್ರು.

ಸಂಕ್ರಾಂತಿಗೆ ಬುತ್ತಿ ಕಟ್ಕೊಂಡು ತುಂಗಭದ್ರಾ ಹೊಳೆಗೆ ಹೋಗಿದ್ವಿ. ಎಲ್ಲರೂ ಕೂತು ಉಣ್ಣೋವಾಗ ಇವನು ದಂಡೆ ಮೇಲೆ ಆ ಕಡೆಯಿಂದ ಈ ಕಡೆ ನಡೀತಾನೇ ಇದ್ದ, ಕರೆದ್ರೆ "ಹಸಿವಿಲ್ಲ, ಹೊಟ್ಟಿ ಭಾರ ಆಗೈತಿ" ಅಂದ. ಅವತ್ತು ಅವ್ವನ ಮುಖ ನೋಡಿ ನನಗೂ ಏನೋ ಸರಿ ಇಲ್ಲ ಅನ್ನಿಸ್ತು.

ಹೊಟ್ಟೆ ಭಾರ ಅಂದ್ರೆ ಹೊಟ್ಟೆ ಡಾಕ್ಟರ್ ಅಲ್ವಾ. ಮೊದಲು ಊರ ಹತ್ರದ ಕ್ಲಿನಿಕ್, ಗ್ಯಾಸ್ ಗುಳಿಗೆ, ಟಾನಿಕ್. ಆಮೇಲೆ ಕಾಮಾಲೆ ಇರಬೇಕು ಅಂತ ಯಾರೋ ಹೇಳಿದ್ದಕ್ಕೆ ಅವ್ವ ಹಳ್ಳಿ ಔಷಧಿ ಕೊಡಿಸಿದ್ರು, ದೃಷ್ಟಿ ತೆಗೆಸಿದ್ರು, ಮನೆದೇವರಿಗೆ ಹರಕೆ ಹೊತ್ರು. ಆಮೇಲೆ ದಾವಣಗೆರೆಯಲ್ಲಿ ಸ್ಕ್ಯಾನಿಂಗ್, ಎಂಡೋಸ್ಕೋಪಿ, ಥೈರಾಯ್ಡ್, ಕಫ ಟೆಸ್ಟ್, ಸಕ್ಕರೆ ಕಾಯಿಲೆ ಟೆಸ್ಟ್. ಎಲ್ಲಾ ನಾರ್ಮಲ್. ಪ್ರತಿ ಸಲ ರಿಪೋರ್ಟ್ ನಾರ್ಮಲ್ ಬಂದಾಗ ನಾವು ದೇವರಿಗೆ ಕಾಯಿ ಒಡೀತಿದ್ವಿ, ಅವನು "ನೋಡ್ರಿ ನನಗೇನೂ ಆಗಿಲ್ಲ" ಅಂತ ಮತ್ತೆ ಓಡೋಕೆ ಹೋಗ್ತಿದ್ದ. ಮಾರ್ಚ್ ಕೊನೆಗೆ ಲೆಕ್ಕ ಹಾಕಿದ್ರೆ ಓಡಾಟ ಸೇರಿ 31 ಸಾವಿರ ಖರ್ಚಾಗಿತ್ತು, ಅದು ಆ ವರ್ಷದ ಮೆಕ್ಕೆಜೋಳದ ದುಡ್ಡು. ಒಬ್ಬ ಡಾಕ್ಟರಂತೂ ಅವನ ಮುಂದೇನೆ "ವಯಸ್ಸಿನ ಹುಡುಗ, ಲವ್ ಗಿವ್ ಏನಾದ್ರೂ ಇರಬೇಕು, ಎರಡು ಬಾರಿಸಿ ಉಣ್ಣಿಸ್ರಿ" ಅಂದ್ರು. ಅವತ್ತು ರಾತ್ರಿ ಅಪ್ಪ ನಿಜವಾಗ್ಲೂ ಕೈ ಎತ್ತಿಬಿಟ್ರು. ಆಮೇಲೆ ಎತ್ತಿನ ಕೊಟ್ಟಿಗೆಯಲ್ಲಿ ಹೋಗಿ ಕೂತ್ಕೊಂಡ್ರು, ಬೆಳಗಿನವರೆಗೂ ಒಳಗೆ ಬರ್ಲಿಲ್ಲ.

ಏಪ್ರಿಲ್‌ನಲ್ಲಿ, ನಮ್ಮ ಕಡೆ ಬಿಸಿಲು ಹೇಗಿರುತ್ತೆ ಗೊತ್ತಲ್ಲ, ಅವನು ಸ್ವೆಟರ್ ಹಾಕ್ಕೊಂಡು ಓಡಾಡ್ತಿದ್ದ. ಬೆರಳು ನೀಲಿ, ಬೆನ್ನ ಮೇಲೆ ಚಿಕ್ಕ ಮಗುವಿಗಿರೋ ಥರ ಸಣ್ಣ ಸಣ್ಣ ಕೂದಲು. ಅದನ್ನ ನೋಡಿದ್ದು ನಮ್ಮೂರ ಆಶಾ ಕಾರ್ಯಕರ್ತೆ, ಅವಳೇ ಎಳ್ಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋದ್ಲು. ಅಲ್ಲಿ ಇದ್ದದ್ದು ಹೊಸದಾಗಿ ಬಂದ ಲೇಡಿ ಡಾಕ್ಟರ್. ಅವ್ರು ರಿಪೋರ್ಟ್ ಫೈಲ್ ತೆಗೀಲೇ ಇಲ್ಲ, ಮಲಗಿಸಿ ನಾಡಿ ನೋಡಿದ್ರು, ನಿಲ್ಲಿಸಿ ನೋಡಿದ್ರು, ಬಿಪಿ ಎರಡು ಸಲ ನೋಡಿದ್ರು. ಮಲಗಿದಾಗ ನಾಡಿ ನಿಮಿಷಕ್ಕೆ 41 ಇತ್ತು, ಬಹಳ ಕಡಿಮೆ. ಆಮೇಲೆ ಅಪ್ಪ ಅವ್ವನ್ನ ಹೊರಗೆ ಕಳಿಸಿ, ನನ್ನ ಮುಂದೆ ಅವನಿಗೆ ಒಂದೇ ಒಂದು ಪ್ರಶ್ನೆ ಕೇಳಿದ್ರು, "ಊಟ ಸೇರ್ತಿಲ್ಲ ಅಂತೀಯಲ್ಲ, ಸೇರ್ತಿಲ್ವೋ ಅಥವಾ ಸೇರಿದ್ರೂ ನೀನೇ ಬಿಟ್ಟಿದೀಯೋ?"

ಏಳು ತಿಂಗಳಲ್ಲಿ ಇದನ್ನ ಯಾರೂ ಕೇಳಿರ್ಲಿಲ್ಲ. ನಾವೂ ಕೇಳಿರ್ಲಿಲ್ಲ. ತುಂಬಾ ಹೊತ್ತು ಸುಮ್ನಿದ್ದು "ನಾನ ಬಿಟ್ಟೇನ್ರಿ ಮೇಡಂ, ಈಗ ಉಣಬೇಕಂದ್ರೂ ಆಗವಲ್ದು" ಅಂದು ಅತ್ತುಬಿಟ್ಟ.

ಆ ಮೇಡಂ ನಮಗೆ ಮೊದಲ ಸಲ ಈಟಿಂಗ್ ಡಿಸಾರ್ಡರ್ ಅನ್ನೋ ಮಾತು ಹೇಳಿದ್ದು. ಅವ್ವ "ಅದು ಪ್ಯಾಟಿ ಹುಡಿಗ್ಯಾರಿಗೆ ಬರೂದಲ್ರಿ?" ಅಂತ ಕೇಳಿದ್ರು, ನಿಜ ಹೇಳ್ಬೇಕಂದ್ರೆ ನನ್ನ ತಲೇಲೂ ಅದೇ ಇತ್ತು. ಹುಡುಗರಿಗೂ ಬರುತ್ತೆ, ಹೊಲಮನೆ ಮಾಡೋರ ಮಕ್ಕಳಿಗೂ ಬರುತ್ತೆ, ಬಂದಾಗ ಯಾರೂ ಗುರುತು ಹಿಡಿಯಲ್ಲ ಅಷ್ಟೇ ಅಂದ್ರು. ಹಿಂಗಾಗಿ ನಾನು ಮೊದಲು ಹೇಳೋದು ಇದು: ಆಸ್ಪತ್ರೆಯಲ್ಲಿ ನೀವು ಯಾವ ಮಾತಲ್ಲಿ ಹೇಳ್ತೀರೋ ಅದರ ಮೇಲೆ ನಿಮ್ಮನ್ನ ಯಾವ ಬಾಗಿಲಿಗೆ ಕಳಿಸ್ತಾರೆ ಅನ್ನೋದು ನಿಂತಿರುತ್ತೆ. "ಊಟ ಸೇರ್ತಿಲ್ಲ, ಹೊಟ್ಟೆ ಭಾರ" ಅಂದ್ರೆ ಹೊಟ್ಟೆಯ ಡಾಕ್ಟರು, ಎಂಡೋಸ್ಕೋಪಿ. "ತಾನಾಗೇ ಊಟ ಕಡಿಮೆ ಮಾಡ್ತಾ ಬಂದಿದಾನೆ, ಇಷ್ಟು ತಿಂಗಳಲ್ಲಿ ಇಷ್ಟು ತೂಕ ಇಳಿದಿದೆ, ನಿಂತ್ರೆ ಕಣ್ಣು ಕತ್ತಲೆ ಬರುತ್ತೆ, ಇಷ್ಟಾದ್ರೂ ಓಡೋದು ಬಿಡ್ತಿಲ್ಲ" ಅಂತ ನಾಲ್ಕು ಮಾತು ಹೇಳಿದ್ರೆ ಕೇಳೋರ ಮುಖಾನೇ ಬದಲಾಗುತ್ತೆ, ನಾನು ಕಣ್ಣಾರೆ ನೋಡಿದೀನಿ.

ಆ ರಾತ್ರಿ ಮೇಡಂ ಹೇಳಿದ್ದ 14416ಕ್ಕೆ ಫೋನ್ ಮಾಡ್ದೆ. ಇದು ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಫ್ರೀ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ರಾತ್ರಿ ಹನ್ನೊಂದಕ್ಕೆ ಮಾಳಿಗೆ ಮೇಲೆ ನಿಂತು (ನಮ್ಮ ಮನೇಲಿ ನೆಟ್‌ವರ್ಕ್ ಅಲ್ಲಿ ಮಾತ್ರ) ನಲವತ್ತು ನಿಮಿಷ ಮಾತಾಡ್ದೆ. ಫೋನಲ್ಲಿ ವಾಸಿ ಮಾಡೋಕಾಗಲ್ಲ, ಆದ್ರೆ ಆ ಹುಡುಗಿ ಮೂರು ವಿಷಯ ಸರಿಯಾಗಿ ಹೇಳಿದ್ಲು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮಾನಸಿಕ ತಜ್ಞರು ಬರ್ತಾರೆ, ಮನೋಚೈತನ್ಯ ಅಂತ ಕಾರ್ಯಕ್ರಮ ಅದು. ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಇರ್ತಾರೆ. ಮತ್ತೆ ನಾಡಿ ಇಷ್ಟು ಕಡಿಮೆ ಇದ್ರೆ ಮಂಗಳವಾರದವರೆಗೆ ಕಾಯಬೇಡಿ, ತಲೆ ಸುತ್ತಿ ಬಿದ್ರೆ ಆ ಕ್ಷಣವೇ ಎಮರ್ಜೆನ್ಸಿಗೆ ಹೋಗಿ. ಈ ಜಿಲ್ಲಾ ಕಾರ್ಯಕ್ರಮ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ಮೊದಲು ಮಾಡಿ ನೋಡಿ, 1996ರಲ್ಲಿ ದೇಶದ ಬೇರೆ ಕಡೆಗೂ ತಗೊಂಡು ಹೋಗಿದ್ದಂತೆ. ಇಷ್ಟು ಹತ್ತಿರ ಇದ್ರೂ ನಮ್ಮೂರಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ, ಡಿಗ್ರಿ ಓದಿದ ನನಗೂ.

ಮಂಗಳವಾರ ಹೇಗೂ ಮಾರನೇ ದಿನವೇ ಇತ್ತು. ಉದ್ದ ಸರದಿ, ನಮಗೆ ಸಿಕ್ಕಿದ್ದು ಹತ್ತು ನಿಮಿಷ. ಹತ್ತೇ ನಿಮಿಷದಲ್ಲಿ ಡಾಕ್ಟರು ಅನೊರೆಕ್ಸಿಯಾ ನರ್ವೋಸಾ (ತಾನಾಗೇ ಊಟ ಬಿಟ್ಟು ಮೈ ಸೊರಗಿಸ್ಕೊಳ್ಳೋ ಈಟಿಂಗ್ ಡಿಸಾರ್ಡರ್) ಅಂತ ಬರೆದ್ರು, ಕೆಳಗೆ "ದೇಹಸ್ಥಿತಿ ಅಪಾಯದಲ್ಲಿದೆ, ಮೊದಲು ಮೆಡಿಸಿನ್ ವಾರ್ಡ್‌ಗೆ ಅಡ್ಮಿಟ್ ಆಗಬೇಕು" ಅಂತ ಗೆರೆ ಎಳೆದು ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದ್ರು.

ಅಲ್ಲಿ ಆಗಿದ್ದು ಬರೆಯೋಕೆ ಈಗ್ಲೂ ಕಷ್ಟ. ಮೆಡಿಸಿನ್‌ನವರು ಚೀಟಿ ನೋಡಿ "ಇದು ಮಾನಸಿಕ ಕೇಸ್, ಆ ಬ್ಲಾಕ್‌ಗೆ ಹೋಗಿ" ಅಂದ್ರು. ಆ ಬ್ಲಾಕ್‌ನವರು ಇಸಿಜಿ ನೋಡಿ "ಈ ಹೃದಯ ಇಟ್ಕೊಂಡು ನಾವು ಅಡ್ಮಿಟ್ ಮಾಡ್ಕೊಳೋಕಾಗಲ್ಲ, ಮೆಡಿಸಿನ್‌ಗೆ ಹೋಗಿ" ಅಂದ್ರು. ಎರಡೂ ಬ್ಲಾಕ್ ಮಧ್ಯೆ ಅವನನ್ನ ಮೂರು ಸಲ ನಡೆಸಿದ್ವಿ, ವೀಲ್‌ಚೇರ್ ಕೊಡ್ರಿ ಅಂದ್ರೆ "ನಡೀತಾನಲ್ಲಮ್ಮಾ" ಅಂದ್ರು. ಅದೇ ಈ ಕಾಯಿಲೆಯ ಕಷ್ಟ, ನಡೀತಾನೆ, ಓಡ್ತಾನೆ, ನಗ್ತಾನೆ, ಬೀಳೋ ಹೊತ್ತಿನವರೆಗೂ ರೋಗಿ ಥರ ಕಾಣಲ್ಲ. ಐದು ತಾಸು ಬೆಂಚ್ ಮೇಲೆ. ಕೊನೆಗೆ ನಮ್ಮ ಪಿಎಚ್‌ಸಿ ಮೇಡಂಗೆ ಫೋನ್ ಹಚ್ಚಿದೆ, ಅವ್ರು ತಮ್ಮ ಜೊತೆ ಓದಿದ ಒಬ್ರು ಪಿಜಿ ಡಾಕ್ಟರಿಗೆ ಹೇಳಿದ್ರು, ಅವ್ರು ಕೆಳಗಿಳಿದು ಬಂದು ನೋಡಿ ಬೆಡ್ ಕೊಡಿಸಿದ್ರು. ಪರಿಚಯದವರಿಲ್ಲದ ಮನೆಯವರು ಏನು ಮಾಡ್ತಾರೆ ಅನ್ನೋ ಪ್ರಶ್ನೆ ಅವತ್ತಿಂದ ನನ್ನ ಬಿಟ್ಟು ಹೋಗಿಲ್ಲ. ನಿಮಗೂ ಹಿಂಗಾದ್ರೆ ವಾಪಸ್ ಬರಬೇಡಿ, ಡ್ಯೂಟಿ ಡಾಕ್ಟರಿಗೆ "ಅಡ್ಮಿಟ್ ಮಾಡ್ಕೊಳಲ್ಲ ಅಂತ ಕಾರಣ ಬರೆದು ಸಹಿ ಮಾಡಿ ಕೊಡಿ ಸರ್" ಅಂತ ಗಟ್ಟಿಯಾಗಿ, ಮರ್ಯಾದೆಯಿಂದ ಕೇಳಿ. ನನ್ನ ಪಕ್ಕ ಕೂತಿದ್ದ ಇನ್ನೊಬ್ರಿಗೆ ಅದೇ ಮಾತಿಂದ ಕೆಲಸ ಆಗಿದ್ದು ನೋಡ್ದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂತ ಒಂದಿದೆ, ಸರ್ಕಾರ ನಡೆಸೋ ಕಡೆ ಚಿಕಿತ್ಸೆ ಪಡೆಯೋದು ಹಕ್ಕು ಅಂತ ಅದರಲ್ಲೇ ಇದೆ.

ಮೆಡಿಸಿನ್ ವಾರ್ಡಲ್ಲಿ ಹನ್ನೆರಡು ದಿನ. ಇಲ್ಲಿ ಒಂದು ವಿಷಯ ದಯವಿಟ್ಟು ಎರಡು ಸಲ ಓದಿ. ಬಹಳ ದಿನ ಉಪವಾಸ ಇದ್ದ ದೇಹಕ್ಕೆ ಒಮ್ಮೆಲೇ ಹೊಟ್ಟೆ ತುಂಬಾ ಊಟ ಹಾಕಿದ್ರೆ ಜೀವಕ್ಕೇ ಅಪಾಯ. ರೀಫೀಡಿಂಗ್ ಸಿಂಡ್ರೋಮ್ ಅಂತಾರೆ. ರಕ್ತದಲ್ಲಿ ಫಾಸ್ಫರಸ್, ಪೊಟ್ಯಾಷಿಯಂ, ಮೆಗ್ನೀಷಿಯಂ ಸರ್ರಂತ ಇಳಿದು ಹೃದಯ ಏರುಪೇರಾಗುತ್ತೆ. ಎರಡನೇ ಮಹಾಯುದ್ಧದಲ್ಲಿ ಸೆರೆಯಲ್ಲಿ ಹಸಿದಿದ್ದವರು ಬಿಡುಗಡೆ ಆಗಿ ಉಂಡ ಮೇಲೆ ಸತ್ತಿದ್ದನ್ನ ನೋಡಿ ಡಾಕ್ಟರ್‌ಗಳಿಗೆ ಇದು ತಿಳೀತಂತೆ. ನಮ್ಮ ಸೋದರತ್ತೆ ಮೂರನೇ ದಿನ ಡಬ್ಬಿ ತುಂಬಾ ಗೋಧಿ ಹುಗ್ಗಿ, ಮೇಲೆ ತುಪ್ಪ ಹಾಕ್ಕೊಂಡು ಬಂದ್ರು, ಅಷ್ಟು ದೂರದಿಂದ, ಬಸ್ಸಲ್ಲಿ ನಿಂತ್ಕೊಂಡು. ಅವನು ಅವತ್ತೇ ಮೊದಲ ಸಲ "ಸ್ವಲ್ಪ ತಿಂತೇನಿ" ಅಂದ. ನಾನು ಡಬ್ಬಿ ಕಿತ್ಕೊಂಡೆ. ಅತ್ತೆ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ರು. ಡಾಕ್ಟರು ಥಯಾಮಿನ್ ಇಂಜೆಕ್ಷನ್ ಕೊಟ್ಟು, ಅಳತೆ ಮಾಡಿ ಮಾಡಿ ಊಟ ಏರಿಸಿದ್ರು, ದಿನಾ ರಕ್ತ ತೆಗೀತಿದ್ರು. ಫಾಸ್ಫರಸ್ ಟೆಸ್ಟ್ ಅಲ್ಲಿ ಆಗ್ತಿರ್ಲಿಲ್ಲ, ಹೊರಗಿನ ಲ್ಯಾಬಿಗೆ ನಾನೇ ಸೀಸೆ ಹಿಡ್ಕೊಂಡು ಓಡಬೇಕಿತ್ತು, ಇದೂ ಮೆಗ್ನೀಷಿಯಂ ಸೇರಿ ಸಲಕ್ಕೆ 600 ಹತ್ರ. ಬಿಪಿಎಲ್ ಕಾರ್ಡ್ ಇದ್ದಿದ್ದಕ್ಕೆ ಬೆಡ್ಡಿಗೆ, ಔಷಧಿಗೆ ಖರ್ಚಾಗ್ಲಿಲ್ಲ, ಹೊರಗಿನ ಟೆಸ್ಟು, ನಮ್ಮ ಊಟ ಎಲ್ಲಾ ಸೇರಿ 14 ಸಾವಿರ ಆಯ್ತು.

ಕಾಗದದ ವಿಷಯ ಇಲ್ಲೇ ಹೇಳ್ಬಿಡ್ತೀನಿ. ರೇಷನ್ ಕಾರ್ಡಲ್ಲಿ ತಮ್ಮನ ಇ-ಕೆವೈಸಿ ಆಗಿರ್ಲಿಲ್ಲ, ಆಧಾರಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರಿದೆ, ಕಾರ್ಡಲ್ಲಿ ಇಲ್ಲ. ಇದೊಂದಕ್ಕೇ ಅಪ್ಪ ಎರಡು ದಿನ ನ್ಯಾಯಬೆಲೆ ಅಂಗಡಿ, ತಹಶೀಲ್ದಾರ್ ಆಫೀಸು ಅಂತ ಓಡಾಡಿದ್ರು, ಮಗ ಆಸ್ಪತ್ರೆಯಲ್ಲಿದ್ದಾಗ. ಮನೇಲಿ ಎಲ್ಲರೂ ಚೆನ್ನಾಗಿರೋವಾಗ್ಲೇ ಇದನ್ನ ಸರಿ ಮಾಡಿಟ್ಕೊಳ್ಳಿ. ರೆಫರಲ್ ಚೀಟಿ ಒರಿಜಿನಲ್ ಯಾರಿಗೂ ಕೊಡಬೇಡಿ, ಝೆರಾಕ್ಸ್ ಕೊಡಿ. ಹಳೇ ರಿಪೋರ್ಟ್‌ಗಳನ್ನೆಲ್ಲಾ ತಾರೀಖಿನ ಪ್ರಕಾರ ಜೋಡಿಸಿ, ಮೇಲಿನ ಹಾಳೆಯಲ್ಲಿ ತಿಂಗಳು ತಿಂಗಳಿನ ತೂಕ, ಕೊನೇ ಇಸಿಜಿ ತಾರೀಖು ಬರೆದಿಡಿ. ಹತ್ತೇ ನಿಮಿಷ ಸಿಗೋ ಕಡೆ ಆ ಒಂದು ಹಾಳೆ ನಿಮ್ಮ ಪರವಾಗಿ ಮಾತಾಡುತ್ತೆ.

ಹೃದಯ ಸುಧಾರಿಸಿದ ಮೇಲೆ ಬೆಂಗಳೂರು. ರಾತ್ರಿ ಟ್ರೇನು, ಬೆಳಗ್ಗೆ ಆರಕ್ಕೆ ಸರದಿಯಲ್ಲಿ ನಿಂತ್ವಿ, ಚೀಟಿ, ಆಮೇಲೆ ಫೈಲು, ಆಮೇಲೆ ಜೂನಿಯರ್ ಡಾಕ್ಟರು. ಅವ್ರಿಗೆ ಕನ್ನಡ ಬರ್ತಿರ್ಲಿಲ್ಲ, ನಮ್ಮ ಅಪ್ಪ ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ, ಮಧ್ಯೆ ನಾನು. ಇಂಗ್ಲಿಷ್ ಫಾರ್ಮ್ ನೋಡ್ಕೊಂಡು ದಪ್ಪ ಆಗ್ತೀನಿ ಅಂತ ಭಯ ಇದೆಯಾ ಅಂತ ಕೇಳಿದ್ರು, ನಾನು ಕನ್ನಡದಲ್ಲಿ ಕೇಳ್ದೆ, ಅವನು ಇಲ್ಲ ಅಂದ. ಕನ್ನಡಿ ಮುಂದೆ ನಿಂತ್ರೆ ದಪ್ಪ ಕಾಣ್ತೀಯಾ, ಇಲ್ಲ. ಎಲ್ಲಾ ಇಲ್ಲ, ಇಲ್ಲ, ಇಲ್ಲ. ಸುಳ್ಳಲ್ಲ, ಅವನು ನಿಜವಾಗ್ಲೂ ಹಾಗೆ ಯೋಚನೆ ಮಾಡ್ತಿರ್ಲಿಲ್ಲ. ಮತ್ತೆ ಹೊಟ್ಟೆ ಡಾಕ್ಟರ್ ಹತ್ರಾನೇ ಕಳಿಸ್ತಾರೇನೋ ಅಂತ ನನಗೆ ಕೈಕಾಲು ನಡುಗ್ತಿತ್ತು. ಆಮೇಲೆ ಸೀನಿಯರ್ ಡಾಕ್ಟರು ಬಂದ್ರು, ಕನ್ನಡದವರು. ಫಾರ್ಮ್ ಬದಿಗಿಟ್ಟು "ನಾಳೆ ಒಂದು ರೊಟ್ಟಿ ಜಾಸ್ತಿ ತಿಂದು, ಓಡೋಕೆ ಬಿಡದೆ ಇಟ್ರೆ, ರಾತ್ರಿ ನಿದ್ದೆ ಬರುತ್ತಾ ನಿಂಗೆ?" ಅಂತ ಕೇಳಿದ್ರು. ಅವನ ಕಣ್ಣಲ್ಲಿ ನೀರು ಬಂತು, "ಬರಂಗಿಲ್ರಿ ಸರ್, ಜೀವ ಒದ್ದಾಡ್ತೈತಿ" ಅಂದ.

ಆ ಡಾಕ್ಟರು ಹೇಳಿದ್ದು, ನಮ್ಮ ಕಡೆ ಎಷ್ಟೋ ಜನ ರೋಗಿಗಳು ದಪ್ಪ ಆಗೋ ಮಾತೇ ಆಡಲ್ಲ, ಹೊಟ್ಟೆ ಭಾರ, ಹಸಿವಿಲ್ಲ ಅಂತಾನೇ ಅಂತಾರೆ, ಹಾಂಗ್‌ಕಾಂಗ್‌ನ ಡಾಕ್ಟರ್‌ಗಳು 1990ರ ದಶಕದಲ್ಲೇ ಇದನ್ನ ಬರೆದಿಟ್ಟಿದ್ದಾರೆ ಅಂತ. ಮುಟ್ಟು ನಿಲ್ಲಬೇಕು ಅನ್ನೋ ಲಕ್ಷಣ ಕೂಡ 2013ರವರೆಗೆ ಅಮೆರಿಕದ ಡಾಕ್ಟರ್‌ಗಳು ಈ ಕಾಯಿಲೆ ಗುರುತಿಸೋ ಪಟ್ಟಿಯಲ್ಲಿತ್ತಂತೆ, ಹಾಗಾದ್ರೆ ಹುಡುಗರನ್ನ ಯಾರು ಲೆಕ್ಕಕ್ಕೆ ಹಿಡೀತಾರೆ ಹೇಳಿ. ಅವನನ್ನ ಅಲ್ಲೇ ಅಡ್ಮಿಟ್ ಮಾಡ್ಕೊಂಡ್ರು. ನಮ್ಮ ಪಕ್ಕದ ಬೆಡ್ಡಲ್ಲಿ ಒಬ್ಬಳು ಹುಡುಗಿ ಇದ್ಲು, ಮೊದಲು ದಪ್ಪ ಇದ್ದವಳು, ಉಪವಾಸ ಮಾಡಿ ಮಾಡಿ ಇಳಿದಾಗ ಮನೆಯವರು, ಟೀಚರ್‌ಗಳು, ಕ್ಲಿನಿಕ್‌ನವರು ಎಲ್ಲಾ ಶಭಾಷ್ ಅಂದಿದ್ರಂತೆ. ನೋಡೋಕೆ ಎಲ್ಲರ ಥರಾನೇ ಇದ್ಲು, ನಾಡಿ ಮಾತ್ರ ನಮ್ಮ ಹುಡುಗನಷ್ಟೇ ಕಡಿಮೆ. ಅವಳ ತಾಯಿ ಗಾರ್ಮೆಂಟ್ಸ್ ಕೆಲಸ, ರಜೆ ಸಿಗದೆ ರಾತ್ರಿ ವಾರ್ಡಲ್ಲಿದ್ದು ಬೆಳಗ್ಗೆ ಹಂಗೇ ಕೆಲಸಕ್ಕೆ ಹೋಗ್ತಿದ್ರು.

ಹದಿನೆಂಟು ತುಂಬದವರ ಜೊತೆ ಮನೆಯವರೊಬ್ರು ಇರಲೇಬೇಕು. ಅವ್ವ ಐದು ವಾರ ಇದ್ರು. ಐದು ವಾರ ಅವ್ವನ ಕೂಲಿ ಇಲ್ಲ, ಮನೇಲಿ ಎಮ್ಮೆ ಹಾಲು ಹಿಂಡೋರಿಲ್ಲ, ಅಪ್ಪ ಬೀಜ ಗೊಬ್ಬರದ ಹೊತ್ತಲ್ಲಿ ಒಬ್ರೇ. ಚಿಕಿತ್ಸೆ ಫ್ರೀ ಅಂದ್ರೂ ಬಡವರಿಗೆ ಖರ್ಚಾಗೋದು ಇಲ್ಲಿ, ಇದನ್ನ ಯಾವ ಕಾರ್ಡೂ ಕೊಡಲ್ಲ. ನಾನು ಸಂಘದಿಂದ 25 ಸಾವಿರ ಸಾಲ ತಗೊಂಡೆ.

ಡಿಸ್ಚಾರ್ಜ್ ಮಾಡೋವಾಗ ಕೊಟ್ಟ ಊಟದ ಪಟ್ಟಿ ಇಂಗ್ಲಿಷಲ್ಲಿತ್ತು, ಓಟ್ಸ್, ಬ್ರೆಡ್ಡು, ಚೀಸು, ಪೀನಟ್ ಬಟರ್. ಅವ್ವ ಅದನ್ನ ಹಿಡ್ಕೊಂಡು "ಇದೆಲ್ಲಾ ಎಲ್ಲಿ ತರೂದವ್ವ" ಅಂತ ಅಳೋಕೇ ಶುರು ಮಾಡಿದ್ರು. ಡಯಟೀಷಿಯನ್ ಮೇಡಂ ಹತ್ರ ವಾಪಸ್ ಹೋಗಿ ಕೂತ್ವಿ, ಒಳ್ಳೆಯವರು, ಬೇಜಾರು ಮಾಡ್ಕೊಳ್ಲಿಲ್ಲ. ಪೀನಟ್ ಬಟರ್ ಬದಲು ಶೇಂಗಾ ಹಿಂಡಿ, ಓಟ್ಸ್ ಬದಲು ಸಜ್ಜಕ, ಚೀಸ್ ಬದಲು ಎಮ್ಮೆ ಗಟ್ಟಿ ಮೊಸರು, ರೊಟ್ಟಿಗೆ ಬೆಣ್ಣೆ, ಎಣ್ಣೆಗಾಯಿ, ತತ್ತಿ, ಶೇಂಗಾ ಹೋಳಿಗೆ, ಸಂಜೆಗೆ ಗಿರ್ಮಿಟ್. ಅಳತೆ ಗ್ರಾಂ ಬದಲು ನಮ್ಮ ಮನೆಯ ಬಟ್ಟಲು, ಸೌಟಿನ ಲೆಕ್ಕದಲ್ಲಿ. ಎರಡು ತಾಸು ಕೂತು ಕನ್ನಡದಲ್ಲಿ ಬರ್ಕೊಂಡೆ.

ಮನೇಲಿ ನಡೆದಿದ್ದೇ ನಿಜವಾದ ಚಿಕಿತ್ಸೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ಶುರುವಾದ ಪದ್ಧತಿಯಂತೆ, ಮೊದಲ ಕೆಲವು ತಿಂಗಳು ಏನು ತಿನ್ನಬೇಕು ಎಷ್ಟು ತಿನ್ನಬೇಕು ಅನ್ನೋದನ್ನ ಮಗು ಅಲ್ಲ ಮನೆಯವರೇ ತೀರ್ಮಾನ ಮಾಡ್ತಾರೆ, ಪ್ರತಿ ಊಟಕ್ಕೂ ಪಕ್ಕದಲ್ಲಿ ಕೂತು ಮುಗಿಯೋವರೆಗೂ ಏಳಂಗಿಲ್ಲ. ದಿನಕ್ಕೆ ಆರು ಸಲ! ಹೊಲಕ್ಕೆ ಹೋಗೋರ ಮನೇಲಿ ಹೇಗೆ ಹೇಳಿ. ಸರದಿ ಮಾಡ್ಕೊಂಡ್ವಿ, ಬೆಳಗ್ಗೆ ಅಪ್ಪ, ಹತ್ತಕ್ಕೆ ಅವ್ವ, ಮಧ್ಯಾಹ್ನ ಮಾತು ಬಿಟ್ಟಿದ್ದ ಅದೇ ಸೋದರತ್ತೆ, ಸಂಜೆ ರಾತ್ರಿ ನಾನು. ಒಂದೊಂದು ರೊಟ್ಟಿಗೆ ಒಂದೂವರೆ ತಾಸು ಕೂತಿದೀವಿ. ತಟ್ಟೆ ಎಸೆದಿದಾನೆ, ನನ್ನ ಬೈದಿದಾನೆ. ಒಂದಿನ ಅಪ್ಪ ಎತ್ತಿನ ಗ್ವಾದಲಿಯಲ್ಲಿ ಮೇವಿನ ಕೆಳಗೆ ಏಳು ರೊಟ್ಟಿ ನೋಡಿದ್ರು. ಈ ಸಲ ಕೈ ಎತ್ಲಿಲ್ಲ. ರೊಟ್ಟಿ ತಂದು ಅವನ ಮುಂದೆ ಇಟ್ಟು "ಇದು ನೀ ಮಾಡಿದ್ದಲ್ಲಪ್ಪ, ನಿನ್ನ ರೋಗ ಮಾಡಿದ್ದು, ಬಾ ಹೊಸಾದು ತಿನ್ನೂಣು" ಅಂತ ತಾವೂ ತಟ್ಟೆ ಹಾಕ್ಕೊಂಡು ಕೂತ್ರು. ಡಾಕ್ಟರು ಹೇಳಿದ್ದನ್ನ ನಾನು ಮರೆತಿದ್ದೆ, ಅಪ್ಪ ಮರೆತಿರ್ಲಿಲ್ಲ.

ತೂಕ ನೋಡೋದು ಪ್ರತಿ ಸೋಮವಾರ ಅಂಗನವಾಡಿ ಕಾಟಾದಲ್ಲಿ, ಅವನು ಬೆನ್ನು ತಿರುಗಿಸಿ ನಿಲ್ತಾನೆ, ಆಶಾ ಓದಿ ನನಗೆ ಮೆಸೇಜ್ ಮಾಡ್ತಾಳೆ, ಅವನಿಗೆ ಹೇಳಲ್ಲ. ಬೆಂಗಳೂರಿನ ಡಾಕ್ಟರು ಒಂದು ತಿಂಗಳು ಬಿಟ್ಟು ಒಂದು ತಿಂಗಳು ವಿಡಿಯೋದಲ್ಲಿ ನೋಡೋಕೆ ಒಪ್ಪಿದ್ರು, ಅದರಿಂದ ಸಲಕ್ಕೆ ಎರಡೂವರೆ ಸಾವಿರ ಉಳೀತು, ನೀವೂ ಕೇಳಿ, ಕೇಳದಿದ್ರೆ ಯಾರೂ ತಾವಾಗಿ ಹೇಳಲ್ಲ. ಕಾಲೇಜಲ್ಲಿ ಹಾಜರಿ ಕಡಿಮೆ ಆಗಿ ಪರೀಕ್ಷೆಗೆ ಕೂರಿಸಲ್ಲ ಅಂದ್ರು, ಮೆಡಿಕಲ್ ಸರ್ಟಿಫಿಕೇಟಲ್ಲಿ ಕಾಯಿಲೆ ಹೆಸರು ಬರೆದ್ರೆ ಊರೆಲ್ಲಾ ಹುಚ್ಚ ಅಂತಾರೆ ಅನ್ನೋ ಹೆದರಿಕೆ ಬೇರೆ. ಡಾಕ್ಟರಿಗೆ ಹೇಳ್ದೆ, "ತೀವ್ರ ಅಪೌಷ್ಟಿಕತೆಗೆ ಒಳರೋಗಿಯಾಗಿ ಚಿಕಿತ್ಸೆ" ಅಂತ ಬರೆದುಕೊಟ್ರು, ಅದೂ ಸತ್ಯಾನೇ. ಕಾಯಿಲೆ ವಿವರ ಗುಟ್ಟಾಗಿ ಇರಬೇಕು ಅನ್ನೋದೂ ಅದೇ 2017ರ ಕಾಯ್ದೆಯಲ್ಲಿರೋ ಹಕ್ಕು. ಪರೀಕ್ಷೆ ಬರೆದ, ಪಾಸಾದ.

ಈಗ ಅವನು ವಾಸಿ ಆಗಿಬಿಟ್ಟ ಅಂತ ಹೇಳಲ್ಲ. ಮದುವೆ ಮನೆ ಊಟಕ್ಕೆ ಈಗ್ಲೂ ಹೆದರ್ತಾನೆ, ಓಟಕ್ಕೆ ಡಾಕ್ಟರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಆದ್ರೆ ಮಧ್ಯಾಹ್ನದ ಊಟ ಯಾರೂ ಪಕ್ಕದಲ್ಲಿಲ್ಲದೆ ಕಾಲೇಜಲ್ಲಿ ಮಾಡ್ತಾನೆ, ಹೋದ ಸಂಕ್ರಾಂತಿಗೆ ಹೊಳೆ ದಂಡೇಲಿ ನಮ್ಮ ಜೊತೆ ಕೂತು ಉಂಡ.

ಕನ್ನಡದ ಊಟದ ಪಟ್ಟಿಯ ಪ್ರತಿ ಪಿಎಚ್‌ಸಿ ಮೇಡಂ ಹತ್ರ ಒಂದು, ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಒಂದು, ನಮ್ಮ ಆಶಾ ಹತ್ರ ಹತ್ತು ಇಟ್ಟಿದೀನಿ. ಅಳತೆ ನಮ್ಮ ಹುಡುಗನಿಗೆ ಬರೆದಿದ್ದು, ಅದನ್ನ ಹಂಗೇ ಹಾಕಬೇಡಿ, ನಿಮ್ಮ ಡಾಕ್ಟರಿಗೆ ತೋರಿಸಿ ಅವ್ರ ಕೈಲೇ ಬಟ್ಟಲಿನ ಲೆಕ್ಕ ಬರೆಸ್ಕೊಳ್ಳಿ. ಮೊನ್ನೆ ಆಶಾ ಫೋನ್ ಮಾಡಿದ್ಲು, ಪಕ್ಕದ ಊರಿಂದ ಒಬ್ಬ ಹುಡುಗಿಯ ಅಜ್ಜಿ ಬಂದು ಒಂದು ಪ್ರತಿ ತಗೊಂಡು ಹೋದ್ರಂತೆ.